18446744073709551615: ಪದೇ ಪದೇ ಕೇಳುವ ಪ್ರಶ್ನೆಗಳು

ಹನುಮಂತನಗರದ ನಮ್ಮ ಮನೆಯ ವರಾಂಡದಲ್ಲಿ ಭಾನುವಾರ ಬೆಳಿಗ್ಗೆ ಒಂದಷ್ಟು ಮಕ್ಕಳು ಲೆಕ್ಕಕ್ಕೆ ಬರುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. ರಿಟೈರ್ ಆದ ಮೇಲೂ ಚಾಕ್‌ಪೀಸ್ ಕೈ ಬಿಟ್ಟಿಲ್ಲ. ಅಲ್ಲಿರುವ ಕರಿಹಲಗೆಯ ಮೇಲ್ತುದಿಯಲ್ಲಿ ಎರಡು ವರ್ಷದಿಂದ ಈ ಇಪ್ಪತ್ತು ಅಂಕಿಯ ಸಂಖ್ಯೆ ಕೂತಿದೆ. ಯಾರಿಗೂ ಒರೆಸಲು ಬಿಟ್ಟಿಲ್ಲ. ಮಕ್ಕಳು, ಅವರನ್ನು ಬಿಡಲು ಬರುವ ಅಪ್ಪ ಅಮ್ಮಂದಿರು, ಪೇಪರ್ ಹಾಕುವ ಹುಡುಗ, ದೂರದಿಂದ ಕಾಗದ ಬರೆಯುವ ಹಳೇ ವಿದ್ಯಾರ್ಥಿಗಳು, ಎಲ್ಲರೂ ಅದರ ಬಗ್ಗೆ ಕೇಳಿದ್ದಾರೆ. ಅದೇ ಉತ್ತರ ಎಷ್ಟು ಸಲ ಹೇಳೋದು? ಬರೆದಿಟ್ಟುಬಿಟ್ಟೆ. ಪ್ರಶ್ನೆಗಳು ಅವರವರ ಬಾಯಲ್ಲಿ ಬಂದ ಹಾಗೇ ಇವೆ.

## ಪರಿಚಯ

ಏನು ಮೇಡಂ ಇದು, ಯಾರದ್ದಾದ್ರೂ ಅಕೌಂಟ್ ನಂಬರಾ?

ಅಲ್ಲ. 2ನ್ನು 2ರಿಂದ ಗುಣಿಸುತ್ತಾ ಹೋಗಿ, ಒಟ್ಟು 64 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಸಿಗುವ ಸಂಖ್ಯೆ. ಬರೆಯುವುದು 2⁶⁴ − 1 ಅಂತ. ನೋಡಲು ರಾಕ್ಷಸ, ಆದರೆ ಒಳಗೆ ಬಹಳ ಸಾಧು. ಇದಕ್ಕಿಂತ ಎಷ್ಟೋ ಚಿಕ್ಕ ಸಂಖ್ಯೆಗಳು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಇದರ ಗುಟ್ಟನ್ನೆಲ್ಲ ಪೆನ್ಸಿಲ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಬಿಡಿಸಬಹುದು. ಹಲಗೆ ಮೇಲೆ ಇಟ್ಟುಕೊಂಡಿರುವುದು ಅದಕ್ಕೇ.

ಇದನ್ನ ಕನ್ನಡದಲ್ಲಿ ಓದೋದು ಹೇಗೆ?

ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಕೋಟಿ ದಾಟಿದ ಮೇಲೆ ಹೆಸರುಗಳು ಬಳಕೆಯಲ್ಲಿ ಇಲ್ಲವಲ್ಲ, ಹಾಗಾಗಿ ನಾನು ಹೀಗೆ ಓದುತ್ತೇನೆ: 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, 44 ಲಕ್ಷ 7 ಸಾವಿರದ 370 ಕೋಟಿ, 95 ಲಕ್ಷ 51 ಸಾವಿರದ 615. ಒಂದೇ ಉಸಿರಿಗೆ ಹೇಳಿದ ಮಗುವಿಗೆ ಒಂದು ಕೊಬ್ಬರಿ ಮಿಠಾಯಿ.

ಹೆಸರು ಇರಲೇ ಇಲ್ಲ ಅಂತಲ್ಲ. ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತದಿಂದ ಶುರುವಾಗಿ ಮಹಾಕ್ಷೋಭದವರೆಗೆ. ಅದರಲ್ಲಿ 20ನೇ ಸ್ಥಾನದ ಹೆಸರು ಮಹಾಶಂಖ. ಅಂದರೆ ನಮ್ಮ ಸಂಖ್ಯೆ ಒಂದು ಮಹಾಶಂಖ ಮತ್ತು ಚಿಲ್ಲರೆ. ಚಿಲ್ಲರೆಯೇ 84 ಪರ್ಸೆಂಟ್ ಇದೆ ಅನ್ನಿ.

ಚದುರಂಗದ ಮನೆಗೆ ಅಕ್ಕಿ ಹಾಕೋ ಕಥೆ ಇದೇ ಅಲ್ವಾ? ರಾಗಿ ಹಾಕಿದ್ರೆ ಏನಾಗುತ್ತೆ?

ಅದೇ. ಚದುರಂಗ ಕಂಡುಹಿಡಿದವನು ರಾಜನ ಹತ್ತಿರ ಬಹುಮಾನ ಕೇಳಿದ: ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ದುಪ್ಪಟ್ಟು. ರಾಜ ನಕ್ಕು ಒಪ್ಪಿದ, ಆಮೇಲೆ ಕಣಜ ಸಾಲಲಿಲ್ಲ. ಕಥೆ ನಡೆದದ್ದಕ್ಕೆ ಪುರಾವೆ ಇಲ್ಲ. ಲೆಕ್ಕ ಮಾತ್ರ ಹಳೆಯದೇ. ಸುಮಾರು ಸಾವಿರ ವರ್ಷದ ಹಿಂದೆ ಅಲ್ ಬಿರೂನಿ ಅನ್ನುವ ವಿದ್ವಾಂಸ ಈ ಮೊತ್ತವನ್ನು ಸರಿಯಾಗಿ ಬರೆದಿಟ್ಟಿದ್ದಾನೆ.

ರಾಗಿ ಪ್ರಶ್ನೆ ಒಬ್ಬ ಆರನೇ ಕ್ಲಾಸಿನ ಹುಡುಗಿಯದು. ಸರಿ, ಮಾಡೇಬಿಡೋಣ ಅಂತ ಹತ್ತಿರದ ಒಡವೆ ಅಂಗಡಿಯ ತಕ್ಕಡಿಯಲ್ಲಿ ಒಂದು ಗ್ರಾಂ ರಾಗಿ ತೂಗಿಸಿಕೊಂಡು ಬಂದೆವು. ಸ್ಟೀಲ್ ತಟ್ಟೆಯಲ್ಲಿ ಹರಡಿ, ಗುಂಡುಪಿನ್ನಿನ ತುದಿಯಲ್ಲಿ ಹತ್ತು ಹತ್ತು ಸರಿಸುತ್ತಾ ಎಣಿಸಿದೆವು. ಒಬ್ಬಳ ಲೆಕ್ಕ 372, ಇನ್ನೊಬ್ಬನದು 391. ಮಧ್ಯೆ ಯಾರೋ ಸೀನಿದರು, ಅಲ್ಲಿಗೆ ಎಣಿಕೆ ಮುಗಿಯಿತು. ಗ್ರಾಂಗೆ 400 ಅಂತ ಇಟ್ಟುಕೊಂಡೆವು.

ಈಗ ಹಲಗೆಯ ಅರ್ಧ, ಅಂದರೆ ಮೊದಲ 32 ಮನೆ ತುಂಬಿ. ಒಟ್ಟು 4294967295 ಕಾಳು. ತೂಕ 10.7 ಟನ್. ಹೆಚ್ಚುಕಮ್ಮಿ ಒಂದು ಲಾರಿ ಲೋಡು. ಇಷ್ಟೇನಾ ಅನ್ನಿಸುತ್ತೆ. ರಾಜ ನಕ್ಕಿದ್ದರಲ್ಲಿ ತಪ್ಪಿಲ್ಲ. ಇನ್ನುಳಿದ ಅರ್ಧವನ್ನೂ ತುಂಬಿದರೆ ಒಟ್ಟು 4294967297 ಲಾರಿ ಬೇಕು. 429 ಕೋಟಿ ಲಾರಿ! ಲಾರಿಗೆ 8 ಮೀಟರ್ ಉದ್ದ ಹಿಡಿದು ಬಂಪರ್‌ಗೆ ಬಂಪರ್ ತಾಗಿಸಿ ನಿಲ್ಲಿಸಿದರೆ ಸಾಲು 3.4 ಕೋಟಿ ಕಿಲೋಮೀಟರ್. ಚಂದ್ರನಿಗೆ ಹೋಗಿ ಬರುವ ದಾರಿಯಲ್ಲಿ 44 ಸಲ ಸುತ್ತಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ನಿಲ್ಲುವವರಿಗೆ ಇದು ಅಷ್ಟೇನೂ ದೊಡ್ಡದಾಗಿ ಕಾಣಲಿಕ್ಕಿಲ್ಲ.

ಆ ಲಾರಿಗಳ ಸಂಖ್ಯೆ 4294967297 ಅನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದೇ ನಮ್ಮನ್ನು ಸತಾಯಿಸುವುದು.

ಕೊನೆಗೆ 1 ಕಳೆಯೋದು ಯಾಕೆ? 2ರ 64ನೇ ಘಾತ ಅಂತಲೇ ಇಟ್ಕೋಬಾರದಾ?

64ನೇ ಮನೆಯಲ್ಲಿ ಇರುವುದು 2⁶³ ಕಾಳು. ಎಲ್ಲ ಮನೆಯದೂ ಕೂಡಿಸಬೇಕು. ಕೂಡಿಸುವ ಸುಲಭ ದಾರಿ ಸಾಲ ಮಾಡುವುದು. ಪಕ್ಕದ ಮನೆಯಿಂದ ಒಂದು ಕಾಳು ಕಡ ತನ್ನಿ. ಮೊದಲ ಮನೆಯ 1ಕ್ಕೆ ಸೇರಿಸಿದರೆ 2. ಎರಡನೇ ಮನೆಯಲ್ಲೂ 2 ಇದೆ, ಸೇರಿ 4. ಮೂರನೇ ಮನೆಯಲ್ಲೂ 4, ಸೇರಿ 8. ಹೀಗೆ ಗುಡ್ಡೆ ಪ್ರತಿ ಮನೆಯಲ್ಲೂ ಸರಿಯಾಗಿ ದುಪ್ಪಟ್ಟಾಗುತ್ತಾ ಕೊನೆಗೆ 2⁶⁴ ಆಗುತ್ತೆ. ಈಗ ಸಾಲ ತೀರಿಸಿ. ಆ 1 ಅದೇ.

ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲೂ ಇದೇ ಜಾತಿಯ ಲೆಕ್ಕ ಇದೆ. ಮೊದಲ ದಿನ ಎರಡು ಕವಡೆ ದಾನ, ದಿನಾ ದುಪ್ಪಟ್ಟು, ಒಂದು ತಿಂಗಳಿಗೆ ಎಷ್ಟು? ಉತ್ತರ 2147483646. ಅದು 2³¹ − 2. ಅಲ್ಲಿ ಸಾಲ ಎರಡು ಕವಡೆ, ಯಾಕೆಂದರೆ ಶುರು ಮಾಡಿದ್ದೇ ಎರಡರಿಂದ.

ನನ್ನ ಕ್ಯಾಲ್ಕುಲೇಟರ್ ಕೊನೆಗೆ ಬರೀ ಸೊನ್ನೆ ತೋರಿಸುತ್ತೆ. ಯಾರು ಸರಿ?

ಹಲಗೆ ಸರಿ. ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ 1.844674407 × 10¹⁹ ಅಂತ ತೋರಿಸಿ ಕೈ ತೊಳೆದುಕೊಳ್ಳುತ್ತೆ. ಎಕ್ಸೆಲ್‌ನಲ್ಲಿ ಇಪ್ಪತ್ತೂ ಅಂಕಿ ಟೈಪ್ ಮಾಡಿದರೆ 15 ಅಂಕಿ ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಸೊನ್ನೆ ಮಾಡುತ್ತೆ: 18446744073709500000. ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ 18446744073709552000 ಅನ್ನುತ್ತೆ. ಮೂರೂ ಸುಳ್ಳಲ್ಲ, ಅಂದಾಜು. ಆದರೆ ಒಂಟಿ ಬೆಸವನ್ನು ಸಮ ಸಂಖ್ಯೆ ಮಾಡಿಬಿಟ್ಟರೆ ಭಾಗಾಕಾರದ ಪ್ರಶ್ನೆಗೆಲ್ಲ ತಪ್ಪು ಉತ್ತರ ಬರುತ್ತೆ. ಎಕ್ಸೆಲ್ ನಂಬಿಕೊಂಡು 'ಮಿಸ್, ಇದು 100ರಿಂದ ಭಾಗ ಹೋಗುತ್ತೆ' ಅಂತ ವಾದಿಸಿದ ಹುಡುಗ ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ.

ಇದರಲ್ಲಿ 2 ಅನ್ನೋ ಅಂಕಿನೇ ಇಲ್ವಲ್ಲ?

ಇಲ್ಲ! ಎರಡರಿಂದಲೇ ಹುಟ್ಟಿದ ಸಂಖ್ಯೆಯಲ್ಲಿ ಎರಡೇ ನಾಪತ್ತೆ. ಮಿಕ್ಕ ಒಂಬತ್ತೂ ಅಂಕಿ ಇವೆ, 4 ನಾಲ್ಕು ಸಲ ಇದೆ. ಇದಕ್ಕೆ ಅರ್ಥ ಹುಡುಕಬೇಡಿ, ಸುಮ್ನೆ ಕಾಕತಾಳೀಯ. ಇದರಿಂದ ಲಕ್ಕಿ ನಂಬರ್ ಹೇಳಿ ಅಂತ ಕೇಳಿದವರಿಗೆ ಕಾಫಿ ಕೊಟ್ಟು ಕಳಿಸಿದ್ದೇನೆ.

## ಪೆನ್ಸಿಲ್ ಹಿಡಿದು

ಕಂಪ್ಯೂಟರ್ ಇಲ್ಲದೆ ಇಷ್ಟು ದೊಡ್ಡ ಗುಣಾಕಾರ ಮಾಡೋಕೆ ಆಗುತ್ತಾ?

ಆಗುತ್ತೆ, 63 ಸಲ ಗುಣಿಸಬೇಕಾಗಿಯೂ ಇಲ್ಲ. ಆರು ಸಲ ಸಾಕು. 2ರ ವರ್ಗ 4. 4ರ ವರ್ಗ 16. 16ರ ವರ್ಗ 256. 256ರ ವರ್ಗ 65536. ಅದರ ವರ್ಗ 4294967296. ಅದರ ವರ್ಗ 18446744073709551616. ಒಂದು ಕಳೆದರೆ ಮುಗಿಯಿತು. 64ನ್ನು ಅರ್ಧ ಮಾಡುತ್ತಾ ಹೋದರೆ 32, 16, 8, 4, 2, 1, ಎಲ್ಲೂ ಬೆಸ ಸಂಖ್ಯೆ ಅಡ್ಡ ಬರುವುದಿಲ್ಲ. ಈ ಸಂಖ್ಯೆ ಸಾಧು ಅಂದೆನಲ್ಲ, ಕಾರಣ ಇದೊಂದೇ. ಮುಂದೆ ಬರುವುದೆಲ್ಲ ಇದರ ಮೇಲೇ ನಿಂತಿದೆ.

ಈ ಉಪಾಯ ಹೊಸದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಪಿಂಗಳನ ಛಂದಶ್ಶಾಸ್ತ್ರದಲ್ಲಿ ಬಂದಿದೆ. ಸಮ ಇದ್ದರೆ ಅರ್ಧ ಮಾಡು, ಬೆಸ ಇದ್ದರೆ ಒಂದು ಕಳೆ, ವಾಪಸ್ ಬರುವಾಗ ಅರ್ಧ ಮಾಡಿದ ಕಡೆ ವರ್ಗ ಮಾಡು, ಒಂದು ಕಳೆದ ಕಡೆ ದುಪ್ಪಟ್ಟು ಮಾಡು. ಛಂದಸ್ಸಿಗೆ ಯಾಕೆ ಬೇಕಿತ್ತು? ಒಂದೊಂದು ಅಕ್ಷರವೂ ಲಘು ಇಲ್ಲವೇ ಗುರು. ಮೂರು ಅಕ್ಷರಕ್ಕೆ 2 × 2 × 2, ಎಂಟು ಗಣ. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ 'ಯಮಾತಾರಾಜಭಾನಸಲಗಂ' ಆ ಎಂಟನ್ನೂ ಒಂದೇ ಸಾಲಿನಲ್ಲಿ ಹೊಸೆದಿರುವುದು. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ, ಅಂದರೆ 10,48,576 ಲಘುಗುರು ವಿನ್ಯಾಸಗಳಲ್ಲಿ ಒಂದನ್ನು ಕವಿಗಳು ಆರಿಸಿಕೊಂಡಿದ್ದಾರೆ. 64 ಅಕ್ಷರದ ಪಾದ ಬರೆದರೆ ನಮ್ಮ ಸಂಖ್ಯೆಗಿಂತ ಒಂದು ಜಾಸ್ತಿ ವಿನ್ಯಾಸ. ಹಾಡಲು ಉಸಿರು ಸಾಲದು.

ಕೊನೆಯ ವರ್ಗ ಮಾಡುವಾಗ ತಪ್ಪು ಗ್ಯಾರಂಟಿ. ಒಂಬತ್ತರ ತಾಳೆ ನೋಡಿಕೊಳ್ಳಿ. 4294967296ರ ಅಂಕಿಗಳ ಮೊತ್ತ 58, ಮತ್ತೆ ಕೂಡಿಸಿದರೆ 13, ಆಮೇಲೆ 4. ನಾಲ್ಕರ ವರ್ಗ 16, ಅಂದರೆ 7. ಉತ್ತರದ ಅಂಕಿಗಳ ಮೊತ್ತ 88, ಅಂದರೆ 16, ಅಂದರೆ 7. ತಾಳೆ ಆಯಿತು.

ಇದು ಅವಿಭಾಜ್ಯ ಸಂಖ್ಯೆನಾ?

ಅಲ್ಲವೇ ಅಲ್ಲ. ಕೊನೆಯಲ್ಲಿ 5 ಇದೆಯಲ್ಲ, ಅಲ್ಲೇ ಗೊತ್ತಾಯಿತು. ಪೂರ್ತಿ ಬಿಡಿಸಬೇಕಾದರೆ ಒಂಬತ್ತನೇ ಕ್ಲಾಸಿನ ಸೂತ್ರ ಸಾಕು: ಎ ವರ್ಗ ಮೈನಸ್ ಬಿ ವರ್ಗ ಅಂದರೆ ಎ ಪ್ಲಸ್ ಬಿ ಇಂಟು ಎ ಮೈನಸ್ ಬಿ. 2⁶⁴ ಒಂದು ವರ್ಗ, 1 ಕೂಡ ವರ್ಗ. ಹಾಗಾಗಿ 2⁶⁴ − 1 = (2³² + 1)(2³² − 1). ಎರಡನೇ ಆವರಣದಲ್ಲಿ ಮತ್ತೆ ಅದೇ ವೇಷ. ಅದನ್ನೂ ಒಡೆಯಿರಿ, ಅದರಿಂದ ಬಂದದ್ದನ್ನೂ ಒಡೆಯಿರಿ. ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ. ಕೊನೆಗೆ ಕೈಗೆ ಬರುವುದು:

3 × 5 × 17 × 257 × 65537 × 4294967297

ಇವು ಯಾವುವು ನೋಡಿ. ಮೇಲೆ ವರ್ಗ ಮಾಡುವಾಗ ದಾರಿಯಲ್ಲಿ ಸಿಕ್ಕಿದ 2, 4, 16, 256, 65536, 4294967296, ಒಂದೊಂದಕ್ಕೂ 1 ಸೇರಿಸಿದ್ದು. ಮೊದಲ ಐದೂ ಅವಿಭಾಜ್ಯ. ಆರನೆಯದು ನಮ್ಮ ಲಾರಿಗಳ ಸಂಖ್ಯೆ. ಅದು 641 × 6700417. ಒಟ್ಟು ಏಳು ಬೇರೆ ಬೇರೆ ಅವಿಭಾಜ್ಯಗಳು, ಯಾವುದೂ ಎರಡು ಸಲ ಬರುವುದಿಲ್ಲ.

7ರಿಂದ ಭಾಗ ಹೋಗುತ್ತಾ? ಒಟ್ಟು ಎಷ್ಟು ಭಾಜಕ ಇವೆ?

7ರಿಂದ ಭಾಗಿಸಿದರೆ 1 ಉಳಿಯುತ್ತೆ, 11ರಿಂದ 4, 13ರಿಂದ 2. ಅಂಕಿಗಳ ಮೊತ್ತ 87, ಹಾಗಾಗಿ 3ರಿಂದ ಹೋಗುತ್ತೆ, 9ರಿಂದ ಇಲ್ಲ. 17ರಿಂದ ಹೋಗುತ್ತೆ ಅನ್ನುವುದನ್ನು ಬಾಯಲ್ಲೇ ತೋರಿಸಬಹುದು: 16 ಅಂದರೆ 17ಕ್ಕೆ ಒಂದು ಕಮ್ಮಿ, 2⁶⁴ ಅಂದರೆ ಹದಿನಾರು 16ಗಳನ್ನು ಗುಣಿಸಿದ್ದು, ಒಂದು ಕಮ್ಮಿಯ ಸಮ ಘಾತ ಒಂದು ಜಾಸ್ತಿ, ಆ ಒಂದನ್ನು ಕಳೆದೇ ಇಟ್ಟಿದ್ದೇವೆ.

ಏಳು ಅವಿಭಾಜ್ಯಗಳಲ್ಲಿ ಒಂದೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ ಭಾಜಕಗಳು 2⁷, ಅಂದರೆ 128. ಮತ್ತೆ ಎರಡರ ಘಾತವೇ! ತನ್ನನ್ನು ಬಿಟ್ಟು ಮಿಕ್ಕ ಭಾಜಕಗಳನ್ನೆಲ್ಲ ಕೂಡಿಸಿದರೆ ಸಂಖ್ಯೆಯ ಸುಮಾರು 70 ಪರ್ಸೆಂಟ್ ಮಾತ್ರ ಬರುತ್ತೆ. ಮೊತ್ತ ಸರಿಯಾಗಿ ತನ್ನಷ್ಟೇ ಬಂದಿದ್ದರೆ ಪರಿಪೂರ್ಣ ಸಂಖ್ಯೆ ಅನ್ನಬಹುದಿತ್ತು. ಇದು ಕೊರತೆಯ ಸಂಖ್ಯೆ.

ನಾನು ಸಾಫ್ಟ್‌ವೇರ್. ಆಫೀಸಲ್ಲಿ ಲಾಗ್ ನೋಡುವಾಗ ಈ ನಂಬರ್ ಎದ್ದು ಬಂತು. ಯಾಕೆ?

ಈ ಊರಿನಲ್ಲಿ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ. ಎಲ್ಲೋ −1 ಇರಬೇಕಿತ್ತು, ಅದಕ್ಕೆ ಋಣ ಚಿಹ್ನೆ ಇಟ್ಟುಕೊಳ್ಳಲು ಜಾಗ ಇರಲಿಲ್ಲ.

ಆಟೋದ ಹಳೇ ಮೀಟರ್ ನೆನಪಿಸಿಕೊಳ್ಳಿ. 9999 ಆದ ಮೇಲೆ ಮುಂದೆ 0000. ಈಗ 0000 ಇರುವಾಗ ಚಕ್ರವನ್ನು ಹಿಂದಕ್ಕೆ ಒಂದು ಹಲ್ಲು ತಿರುಗಿಸಿದರೆ? 9999. ಕಂಪ್ಯೂಟರಿನ ಚಕ್ರದಲ್ಲಿ 0 ಮತ್ತು 1 ಎರಡೇ ಅಂಕಿ, ಅಂಥ 64 ಚಕ್ರ. ಒಂದೊಂದು ಚಕ್ರಕ್ಕೂ ಬಿಟ್ ಅಂತ ಹೆಸರು. ಎಲ್ಲದರಲ್ಲೂ 1 ಬಂದರೆ ಅದೇ 18446744073709551615. 64 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ. ಅದಕ್ಕೆ 1 ಸೇರಿಸಿದರೆ ಸೊನ್ನೆ. ಸೊನ್ನೆಯಿಂದ 1 ಕಳೆದರೆ ಅದು.

ನಾನೇ ಇದನ್ನು ಕಣ್ಣಾರೆ ಕಂಡಿದ್ದೇನೆ. ಗಾಂಧಿಬಜಾರ್ ಕಡೆ ಒಂದು ಅಂಗಡಿಯಲ್ಲಿ ಕೊನೆಯ ಡಬ್ಬಿ ತುಪ್ಪ ಕೊಂಡೆ. ಹುಡುಗ ಕೈತಪ್ಪಿ ಎರಡು ಸಲ ಸ್ಕ್ಯಾನ್ ಮಾಡಿದ. ಪರದೆಯ ಮೇಲೆ ಉಳಿದ ಸ್ಟಾಕು: ಈ ಇಪ್ಪತ್ತು ಅಂಕಿ. ಅವನು ಗಾಬರಿಯಾಗಿ ಓನರ್‌ನ ಕರೆದ. ನಾನು ಅಷ್ಟೂ ಅಂಕಿಯನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸಿದ್ದಕ್ಕೆ ಇಬ್ಬರೂ ನನ್ನನ್ನೇ ಅನುಮಾನದಿಂದ ನೋಡಿದರು.

64 ಬಿಟ್ ಸಾಕಾಗುತ್ತಾ ಅಂದರೆ, ಎಣಿಕೆಗೆ ಧಾರಾಳ. ಕೆಂಪೇಗೌಡರು 1537ರಲ್ಲಿ ಕೋಟೆಗೆ ಕಲ್ಲಿಟ್ಟ ಗಳಿಗೆಯಿಂದ ನ್ಯಾನೋಸೆಕೆಂಡುಗಳನ್ನು ಎಣಿಸುತ್ತಾ ಬಂದಿದ್ದರೂ ಈ ಮೀಟರ್ ಸೊನ್ನೆಗೆ ಬರುವುದು 2121ರ ಸುಮಾರಿಗೆ. ಸೆಕೆಂಡಿಗೆ ನೂರು ಕೋಟಿ ನ್ಯಾನೋಸೆಕೆಂಡು ಅನ್ನುವುದು ಗಮನದಲ್ಲಿರಲಿ.

ಕಾಶಿಯಲ್ಲಿ 64 ಚಿನ್ನದ ತಟ್ಟೆ ಸಾಗಿಸ್ತಾ ಇದಾರಂತೆ, ಮುಗಿದ ದಿನ ಪ್ರಳಯವಂತೆ. ಹೌದಾ?

ಅಂಥ ದೇವಸ್ಥಾನ ಕಾಶಿಯಲ್ಲಿಲ್ಲ. ಮೂರು ಕಂಬ, ಒಂದರ ಮೇಲೊಂದು ತಟ್ಟೆ, ದೊಡ್ಡದನ್ನು ಚಿಕ್ಕದರ ಮೇಲೆ ಇಡುವ ಹಾಗಿಲ್ಲ ಅನ್ನುವ ಆ ಆಟವನ್ನು 1883ರಲ್ಲಿ ಹೊರತಂದದ್ದು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾ. ಕಥೆ ಆಟದ ಜೊತೆ ಹಬ್ಬಿತು. ಒಂದು ತಟ್ಟೆ ಜಾಸ್ತಿಯಾದರೆ ಹಳೆಯ ನಡೆಗಳ ದುಪ್ಪಟ್ಟಿಗೆ ಒಂದು ಸೇರಿಸಬೇಕು: 1, 3, 7, 15. ಹಾಗಾಗಿ 64 ತಟ್ಟೆಗೆ ನಮ್ಮ ಸಂಖ್ಯೆಯಷ್ಟೇ ನಡೆ. ಸೆಕೆಂಡಿಗೊಂದು ನಡೆದರೆ ಸುಮಾರು 58,450 ಕೋಟಿ ವರ್ಷ. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ ವಯಸ್ಸು. ಇಎಂಐ ಕಟ್ಟುತ್ತಾ ಇರಿ.

## ಇನ್ನೂ ಆಳಕ್ಕೆ

641 ಅನ್ನೋದು ಎಲ್ಲಿಂದ ಬಂತು? ಸೂತ್ರದಲ್ಲಿ ಎಲ್ಲೂ ಇರಲಿಲ್ವಲ್ಲ ಮಿಸ್?

ಒಳ್ಳೇ ಪ್ರಶ್ನೆ. ಇಡೀ ಸಂಖ್ಯೆಯಲ್ಲಿ ಮೊಂಡು ಹಿಡಿಯುವ ಜಾಗ ಇದೊಂದೇ.

3, 5, 17, 257, 65537 ಎಲ್ಲ ಅವಿಭಾಜ್ಯ ಅಂತ ನೋಡಿದ ಫ್ರೆಂಚ್ ಗಣಿತಜ್ಞ ಫರ್ಮಾ, 1640ರ ಹೊತ್ತಿಗೆ ಪತ್ರಗಳಲ್ಲಿ ಬರೆದ: ಈ ಸಾಲಿನಲ್ಲಿ ಮುಂದೆ ಬರುವುದೂ ಎಲ್ಲ ಅವಿಭಾಜ್ಯವೇ ಇರಬೇಕು. ಮುಂದಿನದೇ 4294967297. ಸುಮಾರು ತೊಂಬತ್ತು ವರ್ಷ ಯಾರೂ ತಪ್ಪು ತೋರಿಸಲಿಲ್ಲ. 1732ರಲ್ಲಿ, 25 ವರ್ಷದ ಆಯ್ಲರ್ ಅದು 641ರಿಂದ ಭಾಗ ಹೋಗುತ್ತೆ ಅಂತ ತೋರಿಸಿದ.

ಇದಕ್ಕೆ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಇದ್ದರೆ ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು ಅಂತ ಆಯ್ಲರ್ ಸಾಧಿಸಿದ. ಅಂಥವು 65, 129, 193, 257, 321, 385, 449, 513, 577, 641. ಹತ್ತೇ ಸಂಖ್ಯೆ. ಅವಿಭಾಜ್ಯ ಅಲ್ಲದ್ದನ್ನು ತೆಗೆದರೆ 193, 257, 449, 577, 641. ಐದನೇ ಬಾಗಿಲು ತಟ್ಟಿದರೆ ಕಳ್ಳ ಒಳಗಿದ್ದಾನೆ. ಫರ್ಮಾನಂಥವನು ಐದು ಭಾಗಾಕಾರ ಮಾಡದೇ ಬಿಟ್ಟನಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಭಾಗಿಸದೆಯೂ ಇದನ್ನು ನೋಡಬಹುದು. 641 ಅಂದರೆ 5 × 128 + 1, ಅಂದರೆ 5 × 2⁷ + 1. ಅದೇ 641 ಅಂದರೆ 625 + 16, ಅಂದರೆ 5⁴ + 2⁴. ಎರಡು ವೇಷ. ಈಗ 641ರಿಂದ ಭಾಗಿಸಿದಾಗ ಬರುವ ಶೇಷ ಮಾತ್ರ ನೋಡೋಣ, ಒಂದು ಕಮ್ಮಿ ಇದ್ದರೆ ಶೇಷ −1 ಅನ್ನೋಣ. ಮೊದಲ ವೇಷದ ಪ್ರಕಾರ 5 × 2⁷ ಅಂದರೆ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ ಅಂದರೆ +1. ಎರಡನೇ ವೇಷದ ಪ್ರಕಾರ 5⁴ ಅಂದರೆ −2⁴. ಅದನ್ನು ಅಲ್ಲಿ ಕೂರಿಸಿ: −2⁴ × 2²⁸, ಅಂದರೆ −2³² ಅನ್ನುವುದು +1ಕ್ಕೆ ಸಮ. ಹಾಗಾದರೆ 2³² + 1ರ ಶೇಷ ಸೊನ್ನೆ. ಮುಗಿಯಿತು. ಮೊದಲ ಸಲ ಇದನ್ನು ಓದಿದ ದಿನ ಒಲೆ ಮೇಲಿಟ್ಟ ಹಾಲು ಉಕ್ಕಿ ಹೋಗಿತ್ತು.

6700417 ಅವಿಭಾಜ್ಯ ಅಂತ ಸುಮ್ನೆ ನಂಬಬೇಕಾ?

ಬೇಡ. ನಾಲ್ಕು ಭಾಗಾಕಾರ ಮಾಡಿ ನೋಡಿ. ಇದರ ವರ್ಗಮೂಲ ಸುಮಾರು 2588. ಒಡೆಯುವುದಾದರೆ ಅದರೊಳಗೆ ಒಂದು ಅವಿಭಾಜ್ಯ ಭಾಜಕ ಇರಲೇಬೇಕು. ಆಯ್ಲರನ ನಿಯಮವನ್ನು ಲ್ಯೂಕಾ ಇನ್ನೂ ಬಿಗಿ ಮಾಡಿದ: 64 ಅಲ್ಲ, 128ರಿಂದ ಭಾಗಿಸಿದಾಗ 1 ಉಳಿಯಬೇಕು. 2588ರೊಳಗೆ ಅಂಥ ಅವಿಭಾಜ್ಯಗಳು 257, 641, 769, 1153, 1409, ಇವಿಷ್ಟೇ. 257ನ್ನು ಲೆಕ್ಕ ಹಾಕದೇ ಬಿಡಬಹುದು. ಯಾಕೆ? 4294967297ರಲ್ಲಿ 2 ಕಳೆದರೆ 4294967295, ಅದು 3 × 5 × 17 × 257 × 65537. ಎರಡು ಸಂಖ್ಯೆಗೂ 257 ಭಾಜಕ ಆದರೆ ಅವುಗಳ ಅಂತರ 2ಕ್ಕೂ ಭಾಜಕ ಆಗಬೇಕು. ಆಗಲ್ಲ.

ಉಳಿದ ನಾಲ್ಕು: 641ರಿಂದ ಭಾಗಿಸಿದರೆ ಶೇಷ 44. 769ರಿಂದ 120. 1153ರಿಂದ 334. 1409ರಿಂದ 622. ಯಾವುದೂ ಸೊನ್ನೆ ಅಲ್ಲ. ಏಳು ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ನಾಲ್ಕೇ ಭಾಗಾಕಾರದಲ್ಲಿ ಗೊತ್ತಾಯಿತು. ಎಂಟನೇ ಕ್ಲಾಸಿನ ಒಬ್ಬಳು ಇದನ್ನು ಮಾಡಿ, 'ಇಷ್ಟೇನಾ?' ಅಂದಳು. ಇಷ್ಟೇ.

ಇಷ್ಟು ಬಾಹು ಇರೋ ಬಹುಭುಜಾಕೃತಿನ ಸ್ಕೇಲ್ ಮತ್ತೆ ಕೈವಾರದಲ್ಲಿ ಎಳೆಯೋಕೆ ಆಗುತ್ತಾ?

ತತ್ತ್ವದಲ್ಲೂ ಆಗುವುದಿಲ್ಲ. ಕಾರಣ ಆ 641 ಮತ್ತು ಅದರ ಜೊತೆಗಾರ.

1796ರಲ್ಲಿ, ಇನ್ನೂ 18 ವರ್ಷದ ಗೌಸ್, ಎಲ್ಲ ಬಾಹು, ಎಲ್ಲ ಕೋನ ಒಂದೇ ಅಳತೆಯ 17 ಬಾಹುಗಳ ಬಹುಭುಜವನ್ನು ಬರೀ ಅಳತೆಪಟ್ಟಿ, ಕೈವಾರಗಳಿಂದ ರಚಿಸಬಹುದು ಅಂತ ತೋರಿಸಿದ. ನಿಯಮ ಏನೆಂದರೆ, ಬಾಹುಗಳ ಸಂಖ್ಯೆಯಲ್ಲಿ ಎರಡರ ಘಾತ ಇರಬಹುದು, ಫರ್ಮಾನ ಸಾಲಿನ ಅವಿಭಾಜ್ಯಗಳು ತಲಾ ಒಂದು ಸಲ ಇರಬಹುದು, ಬೇರೇನೂ ಇರಕೂಡದು. ಬೇರೇನಾದರೂ ಇದ್ದರೆ ಆಗದು ಅನ್ನುವ ಸಾಧನೆ 1837ರಲ್ಲಿ ವಾಂಟ್ಸೆಲ್‌ನದು. ಆ ಸಾಲಿನಲ್ಲಿ ಇಲ್ಲಿಯವರೆಗೆ ಸಿಕ್ಕಿರುವ ಅವಿಭಾಜ್ಯಗಳು ಐದೇ: 3, 5, 17, 257, 65537. ಐದನ್ನೂ ಗುಣಿಸಿದರೆ 4294967295. ಬೆಸ ಸಂಖ್ಯೆಯ ಬಾಹುಗಳಲ್ಲಿ ಎಳೆಯಬಹುದು ಅಂತ ನಮಗೆ ಗೊತ್ತಿರುವ ಅತಿ ದೊಡ್ಡದು ಅದೇ. ಹಲಗೆಯ ಮೊದಲರ್ಧದ ರಾಗಿ, ಆ ಒಂದು ಲಾರಿ ಲೋಡು!

ತಮಾಷೆ ಅಂದರೆ, ನಮ್ಮ ಸಂಖ್ಯೆಗೆ ಒಂದೇ ಒಂದು ಬಾಹು ಸೇರಿಸಿ 2⁶⁴ ಮಾಡಿದರೆ ಎಳೆಯಬಹುದು. ಚೌಕದಿಂದ ಶುರು ಮಾಡಿ ಕೋನಗಳನ್ನು ಅರ್ಧ ಮಾಡುತ್ತಾ ಹೋದರಾಯಿತು. 65537 ಬಾಹುಗಳ ರಚನೆಯ ವಿವರಕ್ಕೆ ಹರ್ಮೆಸ್ ಅನ್ನುವ ಜರ್ಮನ್ ಹತ್ತು ವರ್ಷ ಕೊಟ್ಟ. ಆ ಹಸ್ತಪ್ರತಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿದೆ.

ಇದನ್ನ ಎರಡು ವರ್ಗಗಳ ಮೊತ್ತ ಅಂತ ಬರೆಯಬಹುದಾ?

ಆಗಲ್ಲ. ಮೂರು ವರ್ಗಗಳಲ್ಲೂ ಆಗಲ್ಲ. 8ರಿಂದ ಭಾಗಿಸಿದರೆ 7 ಉಳಿಯುತ್ತೆ. ಯಾವುದೇ ವರ್ಗವನ್ನು 8ರಿಂದ ಭಾಗಿಸಿದರೆ ಉಳಿಯುವುದು 0, 1 ಇಲ್ಲವೇ 4. ಇವುಗಳಲ್ಲಿ ಮೂರನ್ನು ಹೇಗೆ ಕೂಡಿಸಿದರೂ 7 ಬರುವುದಿಲ್ಲ, ಮಾಡಿ ನೋಡಿ. ನಾಲ್ಕು ವರ್ಗ ಸಾಕು, ಯಾವ ಸಂಖ್ಯೆಗೂ ಸಾಕು ಅಂತ 1770ರಲ್ಲಿ ಲಗ್ರಾಂಜ್ ಸಾಧಿಸಿದ್ದಾನೆ. ಇದು ತಾನೇ ಪೂರ್ಣವರ್ಗವೂ ಅಲ್ಲ. 5ರಲ್ಲಿ ಮುಗಿಯುವ ವರ್ಗ 25ರಲ್ಲೇ ಮುಗಿಯಬೇಕು, ಇದು 15ರಲ್ಲಿ ಮುಗಿಯುತ್ತೆ.

64 ಬಿಟ್ ಕೀ ಅಂದ್ರೆ ಇಷ್ಟು ಸಾಧ್ಯತೆ. ಗುಟ್ಟು ಕಾಯೋಕೆ ಇದು ಸಾಕಲ್ವಾ?

ಸಾಲದು. 64 ಬಿಟ್ ಕೀ ಇರುವ ಒಂದು ಸಂದೇಶವನ್ನು ಒಡೆಯುವ ಪಂದ್ಯದಲ್ಲಿ ಪ್ರಪಂಚದ ಹಲವು ಕಡೆಯ ಜನ ತಮ್ಮ ಕಂಪ್ಯೂಟರಿನ ಬಿಡುವಿನ ವೇಳೆ ಕೊಟ್ಟರು. 1,757 ದಿನ ಹಿಡಿಯಿತು, 2002ರಲ್ಲಿ ಕೀ ಸಿಕ್ಕಿತು. ರಾಗಿ ಎಣಿಸಿದ ಹಾಗೆ ಒಂದೊಂದೇ ನೋಡಿ. ಈಗ 128 ಬಿಟ್‌ಗಿಂತ ಕಮ್ಮಿ ಯಾರೂ ಒಪ್ಪುವುದಿಲ್ಲ. ಅದು ಇದರ ಎರಡರಷ್ಟಲ್ಲ, ಇದರ ವರ್ಗದಷ್ಟು.

64ರ ಅಕ್ಕಪಕ್ಕದ ಘಾತಗಳೂ ಹೀಗೇ ಸುಲಭವಾ?

ಇಲ್ಲ. ಘಾತ ಅವಿಭಾಜ್ಯ ಆದರೆ ಸಿಪ್ಪೆ ಬಿಡಿಸುವ ಸೂತ್ರ ಕೈಕೊಡುತ್ತೆ. 2⁶¹ − 1 ಅವಿಭಾಜ್ಯ. ಅದನ್ನು 1883ರಲ್ಲಿ ಸಾಧಿಸಿದ್ದು ರಷ್ಯಾದ ಪಾದ್ರಿ ಪೆರ್ವುಶಿನ್. 2⁶⁷ − 1 ಕೂಡ ಅವಿಭಾಜ್ಯ ಅಂತ ಮರ್ಸೆನ್ 1644ರಲ್ಲಿ ಪಟ್ಟಿ ಮಾಡಿದ್ದ. ಅಲ್ಲ ಅಂತ 1876ರಲ್ಲಿ ಲ್ಯೂಕಾ ತೋರಿಸಿದ, ಆದರೆ ಯಾವುದರಿಂದ ಭಾಗ ಹೋಗುತ್ತೆ ಅನ್ನುವುದು ಅವನಿಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಒಂದು ಸಭೆಯಲ್ಲಿ ಎದ್ದು ಹೋಗಿ, ಮಾತಿಲ್ಲದೆ, ಹಲಗೆ ಮೇಲೆ 193707721 × 761838257287 ಗುಣಿಸಿ ತೋರಿಸಿ ವಾಪಸ್ ಕೂತ. ನಮ್ಮದಕ್ಕಿಂತ ಒಂದೇ ಅಂಕಿ ಜಾಸ್ತಿ ಇರುವ ಸಂಖ್ಯೆ, ಪಾಡು ನೋಡಿ.

ಮುಂದಿನ ಮೆಟ್ಟಿಲು 128 ಅಲ್ವಾ? ಅದನ್ನೂ ಬಿಡಿಸಿದಾರಾ?

2¹²⁸ − 1 ಅಂದರೆ ನಮ್ಮ ಸಂಖ್ಯೆ ಇಂಟು 2⁶⁴ + 1. ಮೊದಲನೆಯದು ಆಯಿತು, ಎರಡನೆಯದೇ ಕಷ್ಟ. ಅದು 274177 × 67280421310721. 1855ರಲ್ಲಿ ಥಾಮಸ್ ಕ್ಲಾಸನ್ ಗೌಸ್‌ಗೆ ಬರೆದ ಪತ್ರದಲ್ಲಿ ಇದು ಇತ್ತು, ಆದರೆ ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ. 1880ರಲ್ಲಿ ಲಾಂಡ್ರಿ ಅನ್ನುವ ಫ್ರೆಂಚ್ ಮುದುಕ ಬೇರೆಯಾಗಿಯೇ ಕಂಡುಹಿಡಿದ. ಆಗ ಅವನಿಗೆ ವಯಸ್ಸು 82.

ಇದನ್ನು ಹೇಳಿದ್ದು ಕೇಳಿ ನಮ್ಮ ಬೀದಿಯ ಒಬ್ಬ ರಿಟೈರ್ಡ್ ಬ್ಯಾಂಕ್ ನೌಕರರು, ಉತ್ತರ ಗೊತ್ತಿದ್ದರೂ ತಾವೇ ಹುಡುಕಬೇಕು ಅಂತ ಹಟ ಹಿಡಿದಿದ್ದಾರೆ. ಇಲ್ಲಿ ಭಾಜಕ 256ರಿಂದ ಭಾಗಿಸಿದಾಗ 1 ಉಳಿಯುವಂಥದ್ದಾಗಿರಬೇಕು. 257, 513, 769 ಅಂತ ಸಾಲಾಗಿ ಹೋದರೆ 1071ನೆಯದು 274177. ಹಳೇ ಲೆಡ್ಜರ್ ಒಂದರಲ್ಲಿ, ಅವಿಭಾಜ್ಯ ಅಲ್ಲದ್ದಕ್ಕೆ ಕೆಂಪು ಗೆರೆ ಎಳೆದು, ಮಿಕ್ಕದ್ದನ್ನು ಕೈಯಲ್ಲೇ ಭಾಗಿಸುತ್ತಾ ದಿನಕ್ಕೆ ಎರಡು ಪುಟ ಮಾಡುತ್ತಾರೆ. ಹೋದ ಭಾನುವಾರ 318ನೆಯದರಲ್ಲಿದ್ದರು.